ಚಾರ್ಜರ್ ತೆಗೆದ ಅಡುಗೆಮನೆ

ಗ್ರಿಮ್ಸ್‌ಬಿ
ನವೆಂಬರ್ ೯, ಶನಿವಾರ ಬೆಳಿಗ್ಗೆ

ಪ್ರೀತಿಯ ಕ್ಲಿಫ್,

ಹೇಗಿದ್ದೀಯ? ಕೆಮ್ಮು ಸ್ವಲ್ಪವಾದರೂ ತಗ್ಗಿತೇ? ಈಗ ಮಲಗಲು ಆಗುತ್ತಿದೆಯೋ, ಇನ್ನೂ ದಿಂಬಿಗೆ ಒರಗಿಕೊಂಡೇ ನಿದ್ದೆಯೋ? ಅಲ್ಲಿಯ ಊಟ ನಿನಗೆ ಸೇರುವುದಿಲ್ಲವೆಂದು ಗೊತ್ತು, ಆದರೂ ಸುಮ್ಮನೆ ತಿನ್ನು. ನಿನ್ನ ವಾರ್ಡಿಗೆ ವಾಂತಿಯ ಸೋಂಕು ಹೊಕ್ಕಿರುವುದರಿಂದ ಬರುವ ವಾರದವರೆಗೂ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ನಿನಗೇ ಗೊತ್ತಲ್ಲ. ಮೊನ್ನೆ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಎನಿಡ್ ಗಾಬರಿಯಿಂದ ಓಡಿ ಬಂದಳು. ನಿನಗೆ ಮಾತ್ರ ಕೇಳಿಸಲಿಲ್ಲ. ಹಾಗಾಗಿ ಪೆನ್ನು ಹಿಡಿದಿದ್ದೇನೆ. ಎನಿಡ್‌ಳ ಅಳಿಯ ನಿನ್ನ ಆಸ್ಪತ್ರೆಗೆ ಒಗೆದ ಬಟ್ಟೆಯ ವ್ಯಾನು ಓಡಿಸುತ್ತಾನೆ. ಇವತ್ತು ಮಧ್ಯಾಹ್ನ ಇದನ್ನು ತಂದು ನರ್ಸಿನ ಕೈಗೆ ಕೊಡುತ್ತಾನೆ. ಹಂಬರ್ ನದಿಯ ಆಚೆಗೆ, ಅಷ್ಟು ದೊಡ್ಡ ಸೇತುವೆ ಸುತ್ತಿಕೊಂಡು ಹಲ್‌ಗೆ ಹೋಗುವ ಕಾಗದಕ್ಕೆ ಅಂಚೆಯನ್ನು ನಂಬಲಾರೆ. ನಾನು ನಿನಗೆ ಹಿಂದೆ ಬರೆದದ್ದು ನಮ್ಮ ಮದುವೆಗೆ ಮುಂಚೆ, ನೀನು ಮೀನಿನ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದಾಗ. ಆಗಲೂ ನೀನು ಉತ್ತರ ಬರೆಯುತ್ತಿರಲಿಲ್ಲ.

ಮಂಗಳವಾರ ನಿನ್ನ ಡಾಕ್ಟರಮ್ಮ ಫೋನು ಮಾಡಿದ್ದರು. ಈ ಕಾಗದದಲ್ಲಿ ನಾನು ಜಗಳ ತೆಗೆಯುವುದಿಲ್ಲ, ಅವರು ಹೇಳಿದ್ದನ್ನು ಹೇಳಿಬಿಡುತ್ತೇನೆ ಅಷ್ಟೆ. ಮನೆಗೆ ಆಕ್ಸಿಜನ್ ಯಂತ್ರ ಕೊಟ್ಟು ಕಳಿಸುತ್ತೇವೆ, ಆದರೆ ವೇಪ್, ಆ ಬ್ಯಾಟರಿ ಸಿಗರೇಟು, ಪೂರ್ತಿ ಬಿಡಬೇಕು ಎಂದರಂತೆ. ನೀನು, “ಹಾಗಾದ್ರೆ ನಿಮ್ಮ ಯಂತ್ರ ನೀವೇ ಇಟ್ಕೊಳ್ಳಿ. ಇಷ್ಟು ವರ್ಷ ಬಿಟ್ಟಿ ಗಾಳಿ ಕುಡ್ಕೊಂಡು ಬದುಕಿದೀನಿ, ಇನ್ಮೇಲೂ ಬದುಕ್ತೀನಿ” ಎಂದೆಯಂತೆ. ಕೇಳಿದ ಕೂಡಲೇ ಇದು ನಿನ್ನದೇ ಮಾತು ಎಂದು ಗೊತ್ತಾಯಿತು. ಸೋಮವಾರ ಇನ್ನೊಮ್ಮೆ ಕೇಳುತ್ತಾರಂತೆ. ಆಗಲೂ ಬೇಡ ಎಂದರೆ ಯಂತ್ರವಿಲ್ಲದೆಯೇ ಕಳಿಸುತ್ತಾರೆ. ಯಂತ್ರವಿಲ್ಲದೆ ಎಷ್ಟು ದಿನ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ದಿನದ ಲೆಕ್ಕ ಹೇಳಲಾರೆ, ಬರುವ ವಸಂತದ ಈಸ್ಟರ್ ಹಬ್ಬ ನೋಡುವುದು ಕಷ್ಟ ಎಂದರು. ನಾನು ಥ್ಯಾಂಕ್ಸ್ ಹೇಳಿ ಫೋನು ಇಟ್ಟೆ. ಅಂಥ ಮಾತಿಗೆ ಯಾಕೆ ಥ್ಯಾಂಕ್ಸ್ ಹೇಳಿದೆನೋ ತಿಳಿಯದು.

ಇರಲಿ. ಮನೆಯ ಸುದ್ದಿ ಹೇಳುತ್ತೇನೆ. ಬಾಯ್ಲರ್ ಮತ್ತೆ ಗೊಣಗುತ್ತಿದೆ. ಎನಿಡ್‌ಳ ಬೆಕ್ಕು ನಿನ್ನ ಕುರ್ಚಿಯನ್ನು ಹಿಡಿದುಕೊಂಡಿದೆ, ಎಬ್ಬಿಸಲು ಹೋದರೆ ನಿನ್ನ ಹಾಗೆಯೇ ಒಂದು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ನೀನು ಆಸ್ಪತ್ರೆಗೆ ಹೋದ ಮೇಲೂ ಭಾನುವಾರದ ಕೆಲಸವನ್ನು ನಾನು ಬಿಟ್ಟಿರಲಿಲ್ಲ. ಚರ್ಚಿಗೆ ಹೋಗದ ನೀನು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲು ಹಾಸಿ ವೇಪ್‌ಗಳನ್ನೆಲ್ಲ ಬಿಚ್ಚಿಡುತ್ತಿದ್ದೆಯಲ್ಲ, ಹಾಗೆಯೇ ಬಿಚ್ಚಿಟ್ಟೆ. ರಸ ತುಂಬುವ ಪುಟ್ಟ ತೊಟ್ಟಿಗಳನ್ನು ತೊಳೆದೆ, ಒರೆಸಿ ಒಣಗಿಸಿದೆ. ನನ್ನದಕ್ಕೆ ರಸ ಕಾಯಿಸುವ ಹೊಸ ಕಾಯಿಲ್ ಹಾಕಿದಾಗ ಹತ್ತಿಗೆ ಮೊದಲು ಪುದೀನ ರಸ ತೊಟ್ಟಿಕ್ಕಿಸಿ, ಟೀ ಕಷಾಯ ಇಳಿಯುವಷ್ಟು ಹೊತ್ತು ಕಾದೆ. “ಒಣ ಹತ್ತಿ ಸುಟ್ರೆ ಗಂಟಲೂ ಸುಡುತ್ತೆ ಕಣೇ, ಒಂದ್ ಟೀ ಕುಡಿಯೋಷ್ಟು ತಾಳ್ಮೆ ಇರ್ಲಿ” ಎಂದು ನೀನು ಹಿಂದೆ ನಿಂತು ಹೇಳಿದ ಹಾಗಾಯಿತು. ತಿರುಗಿ ನೋಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬ್ಯಾಟರಿಗಳನ್ನೂ ನೋಡಿದೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ತೆಳು ಹೊದಿಕೆ ಎಲ್ಲಾದರೂ ಹರಿದಿದೆಯೇ ಎಂದು ಬೆರಳಾಡಿಸಿ, ಆಮೇಲೆ ಅವುಗಳದ್ದೇ ಚಾರ್ಜರಿನಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಇಟ್ಟೆ. ಹಸಿರು ದೀಪ ಬರುವವರೆಗೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಜೋಡಿಗಳನ್ನು ಅದಲುಬದಲು ಮಾಡಿಲ್ಲ, ಹೆದರಬೇಡ. ಎರಡು ಬ್ಯಾಟರಿ ಹಾಕುವ ನಿನ್ನ ದೊಡ್ಡ ವೇಪ್ ಬಂದ ದಿನ ನೀನು ಹೇಳಿದ್ದು ನೆನಪಿದೆ: “ಇವೆರಡಕ್ಕೂ ಮದುವೆ ಆಗಿದೆ ಗ್ಲೆನಿಸ್. ಒಟ್ಟಿಗೆ ಕೊಂಡಿದ್ದು, ಒಟ್ಟಿಗೇ ತುಂಬ್ಬೇಕು, ಒಟ್ಟಿಗೇ ಖಾಲಿ ಆಗ್ಬೇಕು. ಬೇರೆಯವರ ಹೆಂಡ್ತಿ ಜೊತೆ ಕೂರಿಸಿದ್ರೆ ಒಂದು ಇನ್ನೊಂದನ್ನ ಹಿಂಡಿಹಾಕುತ್ತೆ.” ಎಲ್ಲ ಕಡೆಯ ವೇಪ್‌ನವರೂ ಅದನ್ನು ಮದುವೆ ಎಂದೇ ಕರೆಯುತ್ತಾರೆಂದು ನನಗೆ ಆಮೇಲೆ ತಿಳಿಯಿತು; ಆ ದಿನ ನೀನೇ ಕಟ್ಟಿದ ತಮಾಷೆ ಎಂದುಕೊಂಡಿದ್ದೆ. ಕ್ಲಬ್ಬಿನ ದಂಪತಿಗಳ ಹೆಸರನ್ನೆಲ್ಲ ಜೋಡಿಗಳ ಮೇಲೆ ಬರೆದು ಅಂಟಿಸಿದ್ದು ಮಾತ್ರ ನಿನ್ನದೇ ಕಿತಾಪತಿ. ಕೆನ್ ಮತ್ತು ಜಾಯ್ಸ್ ಯಾವಾಗಲೂ ಬಿಸಿಯಾಗುತ್ತಾರೆ ಎಂದು ನೀನು ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳಿದ್ದಕ್ಕೆ ಜಾಯ್ಸ್ ನಮ್ಮೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಉಪಯೋಗಿಸದ ಬ್ಯಾಟರಿಯನ್ನು ತುಂಬಿಸಿಡಬಾರದು, ಅರ್ಧ ಇದ್ದರೆ ಸಾಕು ಎಂದು ನೀನು ಹೇಳಿದ್ದೆ. ಗೊತ್ತಿದ್ದೂ ತುಂಬಿಸಿ ಚಾರ್ಜರಿನಲ್ಲೇ ಬಿಟ್ಟೆ. ಯಾವಾಗ ಬಂದರೂ ಎಲ್ಲ ಸಿದ್ಧವಾಗಿರಲಿ ಎಂಬ ಆಸೆ.

ಬುಧವಾರ ಅಗ್ನಿಶಾಮಕ ದಳದಿಂದ ಒಬ್ಬಳು ಬಂದಳು. ಯಂತ್ರ ಕೊಡುವ ಮೊದಲು ಮನೆ ನೋಡುವುದು ಅವರ ಪದ್ಧತಿಯಂತೆ. ನೀನು ಬೇಡ ಎಂದದ್ದು ಅವಳಿಗೆ ಇನ್ನೂ ತಲುಪಿರಲಿಲ್ಲ, ನಾನೂ ಹೇಳಲಿಲ್ಲ. ಗೇನರ್ ಎಂದು ಹೆಸರು. ಅಷ್ಟೆತ್ತರದ ಹೆಂಗಸು, ಬೂಟು ಬಿಚ್ಚಿ ಬಾಗಿಲಲ್ಲಿಟ್ಟು ಕಾಲುಚೀಲದಲ್ಲೇ ಮನೆಯೆಲ್ಲ ತಿರುಗಿದಳು. ಹೊಗೆ ಪತ್ತೆ ಮಾಡುವ ಅಲಾರಂ ಒತ್ತಿ ನೋಡಿದಳು, ಬೆಕ್ಕು ಸೋಫಾದ ಕೆಳಗೆ ಹೊಕ್ಕಿತು. ಅಡುಗೆಮನೆಗೆ ಬಂದವಳು ಕಟ್ಟೆಯ ಮೇಲಿನ ಸಾಲು ದೀಪ ನೋಡಿ, “ಇದೇನಮ್ಮಾ, ಅಡುಗೆಮನೇನೋ ವಿಮಾನ ಇಳಿಸೋ ಜಾಗಾನೋ?” ಎಂದಳು. ನಾನು ಜಂಬದಿಂದಲೇ ಎಲ್ಲ ತೋರಿಸಿದೆ. ಅವಳಿಗೂ ಮೆಚ್ಚಿಗೆಯಾಯಿತು. “ಹಾಸಿಗೆ ಮೇಲೆ, ದಿಂಬಿನ ಕೆಳಗೆ ಚಾರ್ಜಿಗೆ ಹಾಕಿ ಮಲಗೋರ ಮನೆಗೇ ನಾವು ದಿನಾ ಓಡೋದು. ಇಷ್ಟು ಅಚ್ಚುಕಟ್ಟು ನಮ್ಮ ಸ್ಟೇಷನ್ನಲ್ಲೂ ಇಲ್ಲ. ಆದ್ರೆ ಆಕ್ಸಿಜನ್ ಬಂದ್ಮೇಲೆ ಇದ್ಯಾವ್ದೂ ಇರೋ ಹಾಗಿಲ್ಲಮ್ಮ” ಎಂದಳು.

ನಾನು ಬಿಡಲಿಲ್ಲ. ನನ್ನ ಗಂಡ ಇಂಜಿನ್ ಜೊತೆ ಬಾಳಿದವನು, ಒಂದು ಬ್ಯಾಟರಿಯನ್ನೂ ಊದಿಸಿದವನಲ್ಲ, ಕೀಲಿಕೈಯ ಜೊತೆ ಜೇಬಿಗೆ ಹಾಕಿಕೊಂಡವನಲ್ಲ ಎಂದೆಲ್ಲ ವಾದಿಸಿದೆ. ಗೇನರ್ ಕುರ್ಚಿ ಎಳೆದು ಕೂತಳು. “ಅವರು ಹುಷಾರೇ ಅಮ್ಮ, ಇಲ್ಲ ಅನ್ನಲ್ಲ. ಅವರು ಎಷ್ಟು ಹುಷಾರು ಅಂತ ಆಕ್ಸಿಜನ್‌ಗೆ ಗೊತ್ತಾಗಲ್ವಲ್ಲ” ಎಂದಳು. ಮೂಗಿನ ಕೊಳವೆಯಿಂದ ಬರುವುದೆಲ್ಲ ಒಳಗೆ ಹೋಗುವುದಿಲ್ಲವಂತೆ. ನಿನ್ನ ಉಣ್ಣೆಯ ಅಂಗಿ, ಹೊದಿಕೆ, ಗಡ್ಡ ಎಲ್ಲ ಅದನ್ನು ಹೀರಿಕೊಳ್ಳುತ್ತವಂತೆ, ಯಂತ್ರ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇರುತ್ತದಂತೆ. ಬೇರೆ ದಿನ ಸುಮ್ಮನೆ ಆರಿಹೋಗುವ ಕಿಡಿ ಆಗ ಆರುವುದಿಲ್ಲ. ಕೆಂಪಗೆ ಕಾದ ಕಾಯಿಲನ್ನು ಆ ಕೊಳವೆಯಿಂದ ಒಂದು ಬೆರಳಿನಷ್ಟು ದೂರ, ನಿನ್ನದೇ ತುಟಿಗೆ ಇಟ್ಟುಕೊಂಡ ಹಾಗೆ. ಕಾಲಿಗೆ ಹಚ್ಚುವ ನಿನ್ನ ಮುಲಾಮೂ ಬಟ್ಟೆಗೆ ಅಂಟಿದರೆ ಚೆನ್ನಾಗಿ ಉರಿಯುತ್ತದಂತೆ. ಬೇರೊಂದು ಊರಿನಲ್ಲಿ ಅವಳೇ ಹೋಗಿದ್ದ ಮನೆಯ ಕಥೆ ಹೇಳಲು ಶುರುಮಾಡಿದಳು. ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ, ಬಿಸ್ಕತ್ತು ಇದೆಯೇ ಎಂದು ಕೇಳಿದಳು. ಒಳ್ಳೆಯ ಹೆಂಗಸು.

ಅವಳು ಹೋದ ಮೇಲೆ ಕಟ್ಟೆಯ ಮುಂದೆ ನಿಂತು ಅತ್ತೆ, ಕ್ಲಿಫ್. ನೀನು ಬರುತ್ತೀಯ ಎಂದು ಭಾನುವಾರ ಭಾನುವಾರ ತುಂಬಿಸಿಟ್ಟಿದ್ದೇ ನಿನ್ನನ್ನು ಯಂತ್ರದೊಡನೆ ಮನೆಗೆ ಬರಗೊಡದ ಸಾಮಾನಾಗಿ ಅಲ್ಲಿ ಕೂತು ಹಸಿರು ದೀಪ ತೋರಿಸುತ್ತಿತ್ತು.

ಈಗ ನೀನು ಬೈಯುವ ಭಾಗ ಬರುತ್ತದೆ. ಗುರುವಾರ ಎಲ್ಲವನ್ನೂ ಕ್ರೇಗ್‌ನ ವೇಪ್ ಅಂಗಡಿಗೆ ಒಯ್ದೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬ್ಯಾಟರಿಗಳನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲೇ ಹಾಕಿ ಒಯ್ದೆ, ಕೈಚೀಲದಲ್ಲಿ ಬಿಡಿಬಿಡಿಯಾಗಿ ಅಲ್ಲ. ಹಳೆಯವುಗಳ ಎರಡು ತುದಿಗೂ ಟೇಪು ಸುತ್ತಿದ್ದೆ. ಕಸದ ಬುಟ್ಟಿಗೆ ಹಾಕಿದರೆ ಕಸದ ಲಾರಿಯಲ್ಲೇ ಬೆಂಕಿ ಏಳುತ್ತದೆಂದು ನೀನು ಇಡೀ ಬೀದಿಗೆ ಪಾಠ ಹೇಳಿದವನು, ನಾನು ಹೇಗೆ ಹಾಕಲಿ. ಕ್ರೇಗ್ ಹಳೆಯವನ್ನು ತನ್ನ ಬ್ಯಾಟರಿ ಪೆಟ್ಟಿಗೆಗೆ ಹಾಕಿಕೊಂಡ. ನಿನ್ನ ವೇಪ್‌ಗಳನ್ನು ಮಾರುವುದಿಲ್ಲವಂತೆ, ಗಾಜಿನ ಕಪಾಟಿನಲ್ಲಿ ಮೇಲಿನ ಸಾಲಿನಲ್ಲಿ ಇಡುತ್ತಾನಂತೆ. “ಕ್ಲಿಫ್ ಬರ್ದೇ ಅಂಗಡಿ ಬಿಕೋ ಅಂತಿದೆ. ಗಿರಾಕಿಗಳಿಗೆ ನಾನು ಹೇಳಿದ್ದನ್ನೆಲ್ಲ ತಪ್ಪು ಅನ್ನೋಕೆ ಯಾರಾದ್ರೂ ಬೇಕಲ್ಲ” ಎಂದ. ಒಳ್ಳೆಯ ಜೋಡಿಗಳನ್ನು ಒಂದೊಂದಾಗಿ ಯಂತ್ರಕ್ಕಿಟ್ಟು ಪರೀಕ್ಷಿಸಿದ. ಒಂದು ಜೋಡಿಯಲ್ಲಿ ಒಂದು ಸೋತಿತ್ತು. ಅದರ ಮೇಲೆ ನೀನು ಬರೆದಿದ್ದ ನಮ್ಮಿಬ್ಬರ ಹೆಸರು ನೋಡಿ ಅವನು ಮತ್ತೊಮ್ಮೆ ಪರೀಕ್ಷೆಗಿಟ್ಟ. “ಇನ್ನೊಂದು ಚೆನ್ನಾಗೇ ಇದೆ ಗ್ಲೆನಿಸ್. ಆದ್ರೂ ಒಂದನ್ನೇ ಇಟ್ಕೊಂಡು ಏನ್ ಮಾಡೋದು, ಎರಡೂ ಹೋಗ್ಬೇಕು” ಎಂದ. ಗೊತ್ತು ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬೇಗ ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮನೆ ಈಗ ತುಂಬಾ ಸ್ವಚ್ಛವಾಗಿದೆ. ಅದೇ ತೊಂದರೆ. ನಿನ್ನ ಆವಿಯಿಂದ ಕಿಟಕಿಯ ಗಾಜಿಗೆ ಜಿಡ್ಡು ಕೂರುತ್ತದೆಂದು ವರ್ಷಗಟ್ಟಲೆ ಬೈದೆನಲ್ಲ, ಈಗ ಒರೆಸಿದ ಗಾಜು ಒರೆಸಿದ ಹಾಗೆಯೇ ಇರುತ್ತದೆ. ಅದನ್ನು ನೋಡಲಾಗದೆ ಹಗಲಿನಲ್ಲೇ ಪರದೆ ಎಳೆದು ಕೂರುತ್ತೇನೆ. ಪರದೆಯಲ್ಲಿ ಇನ್ನೂ ನಿನ್ನ ಕಸ್ಟರ್ಡ್ ರಸದ ವಾಸನೆ ಸ್ವಲ್ಪ ಇದೆ. ಕಟ್ಟೆಯ ಮೇಲೆ ಚಾರ್ಜರ್ ಇದ್ದ ಜಾಗದಲ್ಲಿ ಬ್ರೆಡ್ಡಿನ ಡಬ್ಬಿ ಇಟ್ಟೆ, ಚೆನ್ನಾಗಿ ಕಾಣಲಿಲ್ಲ, ತೆಗೆದೆ. ಗುರುವಾರ ಸಂಜೆ ಕ್ಲಬ್ಬಿಗೆ ಬಾ ಎಂದು ಜಾಯ್ಸೇ ಕರೆದಳು. ಹೋದೆ. ಎಲ್ಲರೂ ನಿನ್ನನ್ನು ಕೇಳಿದರು, ಎಲ್ಲರಿಗೂ ಚೆನ್ನಾಗಿದ್ದಾನೆ ಎಂದೆ. ಕೆನ್ ಎದ್ದು ಹೋಗಿ ನನಗೊಂದು ಕುರ್ಚಿ ತಂದ, ಪಕ್ಕದಲ್ಲಿ ಇನ್ನೊಂದು ಕುರ್ಚಿಯನ್ನೂ ಅಭ್ಯಾಸದಿಂದ ತಂದಿಟ್ಟ. ಆಮೇಲೆ ಏನು ಮಾಡುವುದೆಂದು ತಿಳಿಯದೆ ಅದರ ಮೇಲೆ ತನ್ನ ಕೋಟು ಹಾಕಿದ. ಅರ್ಧಕ್ಕೇ ಮನೆಗೆ ಬಂದೆ.

ನಿನ್ನ ಕಷ್ಟ ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಸಿಗರೇಟು ಬಿಡಲು ನೀನು ಪಟ್ಟ ಪಾಡು ನೋಡಿದ್ದೇನೆ. ವೇಪ್ ಇಲ್ಲದಿದ್ದರೆ ಆಗಲೇ ಮಣ್ಣು ಸೇರುತ್ತಿದ್ದೆ ಎಂದು ನೀನೇ ಹೇಳುತ್ತಿದ್ದೆ. ಹಡಗಿಲ್ಲ, ಬಂದರಿನ ಕೆಲಸವಿಲ್ಲ, ಕೈಗೆ ಬಿಚ್ಚಿ ಜೋಡಿಸಲು ಉಳಿದಿದ್ದು ಅದೊಂದೇ. ಅದನ್ನೂ ಕಿತ್ತುಕೊಂಡರೆ ಏನು ಉಳಿಯಿತು ಎಂದು ನೀನು ಕೇಳಬಹುದು. ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ನಾನೂ ಈ ಮನೆಯಲ್ಲೇ ಇದ್ದೇನೆ.

ನರ್ಸು ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್ ಎಲ್ಲ ಕೊಡುತ್ತಾರಂತೆ, ಮುಖ ಸಿಂಡರಿಸದೆ ತೆಗೆದುಕೊಂಡು ನೋಡು. ಬಿಚ್ಚಿ ಜೋಡಿಸಲು ಆ ಬಾಯ್ಲರ್ ಇದೆ, ದೇವರಾಣೆಗೂ ಬೇಡ ಎನ್ನುವುದಿಲ್ಲ. ಎನಿಡ್, ಕ್ರೇಗ್, ಕೆನ್, ಜಾಯ್ಸ್ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಬೆಚ್ಚಗಿರು, ಹೇಳಿದ ಮಾತು ಕೇಳು, ನರ್ಸುಗಳ ಜೊತೆ ತರಲೆ ಮಾಡಬೇಡ. ನಿನಗೆ ಉಸಿರು ಸಲೀಸಾಗಿ ಬರಲಿ ಎಂದು ದಿನವೂ ಬೇಡುತ್ತೇನೆ.

ನಿನ್ನವಳೇ ಆದ
ಗ್ಲೆನಿಸ್

ಮರೆತೆ: ಎನಿಡ್‌ಳ ಅಳಿಯ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕ್ರೇಗ್‌ಗೆ ಕೊಟ್ಟ ಚೀಲದಲ್ಲಿ ನನ್ನದೂ ಇತ್ತು. ನೀವು ಬಿಡಬೇಕಿಲ್ಲ, ಹಿತ್ತಲಿಗೆ ಹೋಗಿ ಎಳೆಯಬಹುದು ಎಂದು ಗೇನರ್ ಹೇಳಿದ್ದಳು. ಆದರೆ ನೀನು ಒಳಗೆ ಕೊಳವೆ ಹಾಕಿಕೊಂಡು ಕೂತಿರುವಾಗ ನಾನು ಹೊರಗೆ ನಿಂತು ಎಳೆಯಲಾರೆ. ಗುರುವಾರದಿಂದ ಒಂದು ದಮ್ಮೂ ಇಲ್ಲ. ತೋಳಿಗೆ ಪಟ್ಟಿ ಅಂಟಿಸಿಕೊಂಡಿದ್ದೇನೆ. ಎನಿಡ್‌ಳನ್ನು ಬೈದೆ, ಪೋಸ್ಟ್‌ಮ್ಯಾನ್‌ನನ್ನು ಬೈದೆ, ಪಾಪ ಬೆಕ್ಕನ್ನೂ ಬೈದೆ. ಇನ್ನು ಈ ಬೀದಿಯಲ್ಲಿ ಬೈಯಲು ನೀನೊಬ್ಬನೇ ಬಾಕಿ. ಸೋಮವಾರ ಅವರು ಕೇಳಿದಾಗ ಹೂಂ ಅನ್ನು, ಕ್ಲಿಫ್. ಬೇರೇನೂ ಹೇಳಬೇಡ, ಹೂಂ ಅಂದುಬಿಡು.