ಅತ್ತೆಯ ಕುಕ್ಕರಿನ ರಬ್ಬರು

ಹವಾನಾ, ಮಾರ್ಚ್ 8, ಶುಕ್ರವಾರ

ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಅತ್ತೆ ಸೆನೈದಾರ ಪ್ರೆಷರ್ ಕುಕ್ಕರಿನ ರಬ್ಬರನ್ನು ಕದ್ದವನು ನಾನೇ. ಅಪ್ಪ ಬಿಟ್ಟುಹೋದ ಐವತ್ತನಾಲ್ಕರ ಅಮೆರಿಕನ್ ಕಾರಿನ ನೀರಿನ ಪಂಪು ಸೋರುತ್ತಿತ್ತು. ನಾಳೆ ಪಕ್ಕದ ಮನೆಯ ಮದುಮಗಳು ಅದರಲ್ಲೇ ಹೊರಡಬೇಕು. "ಮೂವತ್ತು ವರ್ಷದಿಂದ ಈ ಕಾರಿನ ಹೊಟ್ಟೆಗೆ ನನ್ನ ಕೈ ಬಿಟ್ರೆ ಬೇರೆ ಕೈ ಹೋಗಿಲ್ಲ, ದಾರೀಲಿ ನಿಲ್ಲೋ ಮಾತೇ ಇಲ್ಲ" ಎಂದು ಅವಳಪ್ಪನಿಗೆ ಹೇಳಿ ಬೇರೆ ಬಂದಿದ್ದೆ.

ಅತ್ತೆ ಬೆಳಿಗ್ಗೆಯಿಂದ ತೆರೆದ ಪಾತ್ರೆಯಲ್ಲೇ ಕಪ್ಪು ಬೀನ್ಸ್ ಬೇಯಿಸುತ್ತಿದ್ದರು. ಬೀನ್ಸ್ ಬೇಯಲಿಲ್ಲ, ನಾನು ಬೆಂದೆ.

ಸಂಜೆ ಪಂಪು ಬಿಚ್ಚಿದರೆ ಒಳಗೆ ಆಗಲೇ ಒಂದು ಕುಕ್ಕರ್ ರಬ್ಬರು, ಅಚ್ಚುಕಟ್ಟಾಗಿ ಕತ್ತರಿಸಿದ್ದು, ಸವೆದು ಕೂತಿದೆ. ನನ್ನ ಬೆನ್ನ ಹಿಂದೆ ಅತ್ತೆ.

"ಹೋದ ವರ್ಷ ನೀನು ಜ್ವರ ಬಂದು ಮಲಗಿದ್ದಾಗ ಹಳೇ ರಬ್ಬರ್ ನಾನೇ ಹಾಕಿದ್ದಪ್ಪಾ. ನಿನಗೆ ಹೇಳಿದ್ರೆ ಜ್ವರ ಏರ್ತಿತ್ತು. ಎಲ್ಲಿ, ನೀನು ಕತ್ತರಿಸಿದ್ದು ತೋರ್ಸು. ಇದೇನು, ಇಲಿ ಕಡಿದಿದ್ದಾ?"

ಉಳಿದ ರಬ್ಬರಿನಲ್ಲಿ ಹೊಸದಾಗಿ ಕತ್ತರಿಸಿ ಅವರೇ ಕೂರಿಸಿದರು. ಈಗ ಒಂದು ಹನಿಯೂ ಸೋರುತ್ತಿಲ್ಲ. ಮದುಮಗಳು ನಿಶ್ಚಿಂತೆಯಾಗಿ ಹೋಗಬಹುದು. ಅಷ್ಟು ಹೊತ್ತೂ ನನ್ನ ಮೂವತ್ತು ವರ್ಷ ಪಳಗಿದ ಕೈ ಟಾರ್ಚು ಹಿಡಿದಿತ್ತು. ಅದನ್ನೂ ಸೊಟ್ಟಗೆ ಹಿಡಿದಿದ್ದೇನೆಂದು ಅತ್ತೆ ಎರಡು ಸಲ ತಿದ್ದಿದರು.