ನಿದ್ದೆಗೆ ನೂರಕ್ಕೆ ನೂರು

ನವೆಂಬರ್ 11, ಬೆಳಿಗ್ಗೆ

ಮತ್ತೆ ನಿದ್ದೆಯಿಲ್ಲ. ತಗಡಿನ ಮನೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಡಿಜೆ. ಕಣ್ಣು ಮುಚ್ಚಿದರೆ ಕಿವಿಯಲ್ಲಿ ಕಾಲ್ ಸೆಂಟರಿನ ಬೀಪ್. ಕನ್ನಡ, ಮರಾಠಿ ಎರಡೂ ಬರುತ್ತವೆಂದು ಆಸ್ಪತ್ರೆ ವಿಮೆಯ ಎರಡೂ ಲೈನು ನಮ್ಮ ತಲೆಗೇ. ಮೇಲೆ ರಾತ್ರಿ ಪಾಳಿಯವರನ್ನು ಮನೆಗೆ ಬಿಡುತ್ತಿದ್ದ ಕ್ಯಾಬ್ ಬೇರೆ ನಿಲ್ಲಿಸಿದ್ದಾರೆ.

ರಾತ್ರಿಯಿಡೀ ಪಕ್ಕದ ಕುರ್ಚಿಯಲ್ಲಿ ಸಾರಿಕಾ. ಬೆಳಿಗ್ಗೆ ಚಿಕ್ಕೋಡಿಯಿಂದ ಏಕಸಂಬಿಗೆ ಅವಳ ಸ್ಕೂಟಿ, ಹಿಂದೆ ನಾನು. ತೂಕಡಿಸಬಾರದೆಂದು ಒಂದು ಆಟ. ನಾನು ಗ್ರಾಹಕಿ, ಅವಳು ಏಜೆಂಟ್.

"ಗಂಡಗ ಹುಚ್ಚ ಹಿಡದೈತ್ರಿ. ಕ್ಲೇಮ್ ಸಿಗತೈತೇನ್ರಿ?"

"ಲಗ್ನಕ್ಕಿಂತ ಮೊದಲಿನ ಬ್ಯಾನಿ ಕವರ್ ಆಗಂಗಿಲ್ರಿ ಮೇಡಂ!"

ಉತ್ತರ ಬಂದರೆ ಎಚ್ಚರ ಇದ್ದಾಳೆ ಅಂತ ಲೆಕ್ಕ.

ನವೆಂಬರ್ 14

ಬೆಳಿಗ್ಗೆ ಸ್ಕೂಟಿಯ ಮೇಲೆ ಅದೇ ಆಟ. "ಪಾಲಿಸಿ ಮುಗದೈತೇನ್ರಿ?" ಎಂದೆ.

"ಲೈನಿನ್ಯಾಗ ಇರ್ರಿ, ಚೆಕ್ ಮಾಡ್ತೀನ್ರಿ."

ದನಿ ಸ್ಪಷ್ಟ. ಮುಂದೆ ನಿಂತ ಕಬ್ಬಿನ ಟ್ರಾಲಿ. ಸ್ಕೂಟಿ ನೇರ ಅದರ ಕಡೆಗೆ.

"ಲೇ ಸಾರಿಕಾ, ಟ್ರಾಲಿ!"

"ನಿಮ್ಮ ತೊಂದರೆ ಅರ್ಥ ಆತ್ರಿ ಮೇಡಂ..."

ಹ್ಯಾಂಡಲ್ ಎಳೆದೆ. ಗಟಾರಕ್ಕೆ ಬಿದ್ದೆವು. ಎದ್ದು ಕೇಳಿದಳು: "ಊರ ಬಂತೇನಬೇ?"

ನಿದ್ದೆಯಲ್ಲಿದ್ದಳು. ನಿದ್ದೆಯಲ್ಲೇ ಉತ್ತರ ಕೊಡುತ್ತಿದ್ದಳು.

ನವೆಂಬರ್ 15

ಟೀಮ್ ಲೀಡರ್ ಸುಜಯನಿಗೆ ಹೇಳಿದೆ — ಕ್ಯಾಬ್ ಬೇಕು, ಸಾಯ್ತೀವಿ. ನಕ್ಕ. ನಿನ್ನೆ ರಾತ್ರಿಯ ನನ್ನದೊಂದು ಕಾಲಿನ ರೆಕಾರ್ಡಿಂಗ್ ಹಚ್ಚಿದ.

"ಕೇಳವಾ ನೀಲಮ, ನೂರಕ್ಕ ನೂರು ಮಾರ್ಕ್ಸ್. ನಿದ್ದಿಗೆಟ್ಟಾಕಿ ಹಿಂಗ ಮಾತಾಡ್ತಾಳೇನ?"

ಮುದುಕಿಯೊಬ್ಬಳು ಮರಾಠಿಯಲ್ಲಿ ಅಳುತ್ತಿದ್ದಾಳೆ. ನನ್ನ ದನಿ ಸಮಾಧಾನ ಹೇಳುತ್ತಿದೆ. ಆ ಮುದುಕಿ ನನಗೆ ಗೊತ್ತೇ ಇಲ್ಲ. ಒಂದು ಶಬ್ದವೂ ನೆನಪಿಲ್ಲ. ನಾನೂ ನಿದ್ದೆಯಲ್ಲೇ...

ಇವರಿಗೆ ನಮ್ಮ ಎಚ್ಚರ ಬೇಡ, ಬಾಯಿ ಸಾಕು. ಕಳ್ಳರು. ನಿದ್ದೆ ಕದ್ದು, ಮೇಲೆ ಮಾರ್ಕ್ಸ್ ಕೊಡುತ್ತಾರೆ.

ನವೆಂಬರ್ 19, ಬೆಳಿಗ್ಗೆ, ಆಫೀಸಿನ ಗೇಟು

ಕ್ಯಾಬ್ ಬರುವವರೆಗೆ ಏಳುವುದಿಲ್ಲ. ಶಿಫ್ಟಿನವರೆಲ್ಲ ಕೂರುತ್ತೇವೆ ಎಂದಿದ್ದರು. ಕೂತವರು ನಾವಿಬ್ಬರೇ. ಸುಜಯ ಬಂದು ಹೇಳಿದ: "ಈಗ ಎದ್ದು ಮನೀಗಿ ಹೋಗ್ರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

ಸಾರಿಕಾ ಎದ್ದಳು. ಸ್ಕೂಟಿಯ ಕೀಲಿ ನನ್ನ ಮುಷ್ಟಿಯಲ್ಲಿ.

"ಕೊಡ ಬೇ."

"ಕೊಡಂಗಿಲ್ಲ. ನಿನ್ನ ಕಣ್ಣ ನೋಡ್ಕೊ ಮೊದಲ."

"ನಿನಗ ನೌಕರಿ ಬ್ಯಾಡಾದ್ರ ಬಿಡು. ನನ್ನ ಹೊಟ್ಟಿ ಮ್ಯಾಲ್ಯಾಕ ಬಡಿತಿ?"

ಕೊಟ್ಟರೆ ಅವಳ ನೌಕರಿ ಉಳಿದೀತು. ಅವಳು ಉಳಿಯುತ್ತಾಳೋ? ಸಾರಿಕಾ ಈಗ ಸುಜಯನನ್ನು ಕರೆತರಲು ಒಳಗೆ ಹೋಗಿದ್ದಾಳೆ. ನೌಕರಿಯ ಹೆದರಿಕೆ, ರಸ್ತೆಯ ಹೆದರಿಕೆ. ರಸ್ತೆಯದೇ ದೊಡ್ಡದು.

ಕೀಲಿಯನ್ನು ರಸ್ತೆಯಾಚೆಯ ಕಬ್ಬಿನ ಗದ್ದೆಯೊಳಗೆ ಎಸೆದೆ. ಸಾರಿಕಾ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. ಓಡಿ ಬರುತ್ತಿದ್ದಾಳೆ, ನನ್ನ ಕಡೆಗೇ—