ಎತ್ತಿ ಹಾಕಿಕೊಂಡ ಔಷಧಿ

ಅಪ್ಪಾ,

ಓದಬೇಕೆಂದರೆ ನಿನಗೆ ಕನ್ನಡಕ ಬೇಕು, ಅದು ನನ್ನ ಮೇಜಿನ ಮೇಲಿದೆ. ಮುರಿದ ಕಡ್ಡಿಗೆ ನೀನು ಸುತ್ತಿದ್ದ ಉಣ್ಣೆಯ ದಾರವನ್ನು ನಾನಿನ್ನೂ ಬಿಚ್ಚಿಲ್ಲ. ಆದರೂ ಬರೆಯುತ್ತಿದ್ದೇನೆ. ನೀನು ಹೋಗಿ ಎರಡು ವರ್ಷವಾಯಿತು. ಒಬ್ಬಳೇ ಬೇಯಿಸಿಕೊಂಡು ಒಬ್ಬಳೇ ಉಣ್ಣುವ ಈ ಬಾಡಿಗೆ ಕೋಣೆಯಲ್ಲಿ ದಿನಾ ನಿನ್ನ ಜೊತೆ ಜಗಳವಾಡುತ್ತೇನೆ. ಎದುರು ಮಾತಾಡುವವರಿಲ್ಲವಲ್ಲ, ಗೆಲ್ಲುವುದೂ ನಾನೇ. ಈ ವಾರ ಮಾತ್ರ ಸೋತುಬಿಟ್ಟೆ. ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇನ್‌ಹೇಲರ್ ಪಂಪು ತಂದುಕೊಟ್ಟ ದಿನ ನೆನಪಿದೆಯಾ? ನಿನ್ನ ದಮ್ಮಿಗೆ ಡಾಕ್ಟರು ಬರೆದುಕೊಟ್ಟದ್ದನ್ನು ಕೊಟ್ಟೂರಿನ ಔಷಧಿ ಅಂಗಡಿಯಿಂದ ತಂದು ನಿನ್ನ ಕೈಗಿಟ್ಟಿದ್ದೆ. ನೀನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ, ಮೀಸೆಯ ತುಂಬ ಉಣ್ಣೆಯ ಧೂಳು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟಗಲ ಡಬ್ಬ್ಯಾಗ ಉಸುರು ತುಂಬಿ ಕೊಡ್ತಾರೇನಲೇ?" ಅಂದೆ. "ಉಸುರಲ್ಲಪ್ಪಾ, ಔಷಧಿ. ಬಾಯಾಗ ಹೊಡಕಂಡು ಒಳಗ ಎಳಕೊ, ದಿನಾ ಎರಡು ಹೊತ್ತು" ಅಂದವಳೇ ನಾನು ಬಸ್ಸಿಗೆ ಓಡಿದೆ. ನಾನು ಕಲಿಸಿದ್ದು ಅಷ್ಟೇ. ಆಮೇಲೆ ನೀನು ಅದನ್ನು ಒಯ್ದು ದೇವರ ಜಗಲಿಯ ಮೇಲೆ, ಮೈಲಾರಲಿಂಗನ ಭಂಡಾರದ ಚೀಲದ ಪಕ್ಕ ಇಟ್ಟೆ. ಜೀವ ಕಾಯುವ ವಸ್ತುವಿಗೆ ನಿನ್ನ ಮನೆಯಲ್ಲಿ ಬೇರೆ ಜಾಗವಿರಲಿಲ್ಲ.

ಕಂಬಳಿ ನೇಯುವುದನ್ನು ಬಿಟ್ಟುಬಿಡು ಅಂದಾಗ ನೀನು ನಕ್ಕಿದ್ದೆ. "ಉಣ್ಣಿ ಬಿಟ್ಟು ಏನು ನೇಯಲಿ, ಗಾಳಿ ನೇಯಲೇನು?" ನಕ್ಕಿದ್ದಕ್ಕೇ ಕೆಮ್ಮು ಬಂದು, ಕೆಮ್ಮು ನಿಲ್ಲದೆ, ಕಣ್ಣಲ್ಲಿ ನೀರು ಬಂದು... ತಿಂಗಳು ಕಳೆದಂತೆಲ್ಲ ನಿನ್ನ ದಮ್ಮು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮಲಗಲಾಗದೆ ಕಂಬಳಿಯ ಸುರುಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. "ದಿನಾ ತಗೊಂಡಿದ್ದರೆ ಹೀಗಾಗಬಾರದಿತ್ತಲ್ಲ" ಎಂದರು ಡಾಕ್ಟರು. ಆ ಒಂದು ಮಾತು ಸಾಕಾಯಿತು ನನಗೆ.

ಕೊನೆಯ ಯುಗಾದಿಗೆ ಊರಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ. "ಸುಳ್ಳು ಹೇಳ್ತಿ ನೀನು. ಔಷಧಿ ತಗಳ್ಳೋದೇ ಇಲ್ಲ, ಗಾಳ್ಯಾಗ ಹೊಡದು ಖಾಲಿ ಮಾಡ್ತಿ."

"ತಗಂತೀನಿ ಬೇ."

"ತಗಂತಾನಕ್ಕ, ದಿನಾ ತಗಂತಾನ" ಎಂದು ತಮ್ಮ ಮಲ್ಲೇಶ ಅಂದರೆ, "ನೀ ಸುಮ್ಮನಿರು" ಎಂದು ಅವನ ಬಾಯಿಯನ್ನೂ ಮುಚ್ಚಿಸಿದೆ. ಆಗ ನೀನು ಜಗಲಿಯ ಕಡೆ ಕೈಮಾಡಿ ಅಂದೆ: "ಮೈಲಾರಲಿಂಗನ ಆಣಿ ಐತಿ ನೋಡು."

"ದ್ಯಾವ್ರ ಮ್ಯಾಲೂ ಸುಳ್ಳು ಆಣಿ ಮಾಡ್ತೀಯಲ್ಲಪ್ಪಾ, ನಾಚ್ಕಿ ಬರಲ್ಲೇನು?"

ನೀನು ತಿನ್ನುತ್ತಿದ್ದ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಮಗ್ಗದ ಮುಂದೆ ಕೂತೆ. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ನೀನು "ಆರಾಮ ಅದೀನಿ" ಅಂದು ಫೋನನ್ನು ಮಲ್ಲೇಶನ ಕೈಗೆ ಕೊಟ್ಟುಬಿಡುತ್ತಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ನೀನೇ ಇರಲಿಲ್ಲ. ಕ್ಷಮಿಸು ಅನ್ನುವುದಕ್ಕೆ ನಾನೂ ಆಗ ತಯಾರಿರಲಿಲ್ಲ. ನಾನು ಮಾಡಿದ್ದು ತಪ್ಪೆಂದು ಗೊತ್ತಿದ್ದರೆ ತಾನೇ?

"ನನ್ನ ಮಗಳು ಎದಿ ಒಳಗಿಂದು ಫೋಟೋ ತಗೀತಾಳ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ, ಈಗ ನಿಜವಾಗಿಯೂ ಅದನ್ನೇ ಮಾಡುತ್ತಿದ್ದೇನೆ. ದಮ್ಮಿನವರು ಎಳೆದುಕೊಂಡ ಔಷಧಿ ಎದೆಯಲ್ಲಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಅಧ್ಯಯನ ನಡೆಸಿದ್ದಾರೆ. ಔಷಧಿಗೆ ಚೂರೇ ಚೂರು ವಿಕಿರಣದ ವಸ್ತು ಬೆರೆಸುತ್ತೇವೆ. ಅದು ಹೋದಲ್ಲೆಲ್ಲ ನಮ್ಮ ಕ್ಯಾಮೆರಾಕ್ಕೆ ಕಾಣುತ್ತದೆ. ಪರದೆಯ ಮೇಲೆ ಔಷಧಿ ಇದ್ದ ಕಡೆ ಬೆಳಕು, ಇಲ್ಲದ ಕಡೆ ಕತ್ತಲು. ಹೊರಗೆ ಏನೂ ಹರಡದಂತೆ ಗಾಳಿ ಹೀರುವ ಗಾಜಿನ ಗೂಡಿನಲ್ಲಿ ರೋಗಿಯನ್ನು ಕೂರಿಸಿ, ಮನೆಯಲ್ಲಿ ಹೇಗೋ ಹಾಗೇ ತಗೊಳ್ಳಿ ಅನ್ನುತ್ತೇವೆ. ಆಮೇಲೆ ಚಿತ್ರ ತೆಗೆಯುತ್ತೇವೆ.

ಸೋಮವಾರ ಕೂಡ್ಲಿಗಿ ಕಡೆಯ ಒಬ್ಬ ಕುರಿಗಾಹಿ ಅಜ್ಜ ಬಂದ. ಹೆಗಲ ಮೇಲೆ ಕಂಬಳಿ. ನಾನು ಮೊದಲು ಅದರ ಅಂಚನ್ನು ನೋಡಿದೆ, ನೇಯ್ದದ್ದು ನೀನೋ ಏನೋ ಎಂದು. ನೀನಲ್ಲ. ಪಂಪು ಕೈಗೆ ಕೊಟ್ಟೆ. ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ, ತುಟಿಯಿಂದ ಗೇಣು ಮೇಲೆ ಹಿಡಿದು ಒತ್ತಿದ. ತಂಬಿಗೆಯಿಂದ ನೀರನ್ನು ಎತ್ತಿ ಕುಡಿಯುತ್ತೇವಲ್ಲ, ಥೇಟ್ ಹಾಗೆ. ಆಮೇಲೆ ಬಾಯಿ ಮುಚ್ಚಿ ಗುಟುಕ್ಕನೆ ನುಂಗಿದ.

"ಅಯ್ಯೋ, ಯಾಕಜ್ಜಾ ಹಂಗ?" ಅಂದೆ.

"ಎಂಜಲ ಮಾಡಬಾರ್ದಲ್ಲವ್ವಾ. ದ್ಯಾವ್ರ ಜಗಲಿ ಮ್ಯಾಲ ಇಡೋ ಸಾಮಾನು."

ಪರದೆಯ ಮೇಲೆ ಅಜ್ಜನ ಬಾಯಿ, ಗಂಟಲು, ಹೊಟ್ಟೆ ಬೆಳಗಿದವು. ಎರಡೂ ಶ್ವಾಸಕೋಶ ಕತ್ತಲು, ದೀಪ ಹಚ್ಚದ ಮನೆಯಂತೆ. ಅಜ್ಜ ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವಂತೆ, ಅಪ್ಪಾ. ಒಂದು ದಿನವೂ. ಹೊರಗೆ ಬಂದು ಮಲ್ಲೇಶನಿಗೆ ಫೋನ್ ಹಚ್ಚಿದೆ. ಅಪ್ಪ ಪಂಪು ಹೇಗೆ ತಗೊಳ್ಳುತ್ತಿದ್ದ ಎಂದು ಕೇಳಿದೆ.

"ಜಗಲಿ ಮುಂದ ನಿಂತು ತಗಂತಿದ್ದ."

"ಬಾಯಿಗೆ ಹಚ್ಚಿಕೊಂಡೋ, ಎತ್ತಿ ಹಿಡಿದೋ?"

"ಎತ್ತೇ ತಗಂತಿದ್ದ. ದ್ಯಾವ್ರ ಮುಂದಿನದನ್ನ ಎಂಜಲ ಮಾಡ್ತಾನೇನು? ಯಾಕಕ್ಕ, ಈಗ್ಯಾಕ ಕೇಳ್ತಿ?"

ಯಾಕೆ ಎಂದು ಹೇಳಿದೆ. ಅಪ್ಪ ಸುಳ್ಳು ಹೇಳಿರಲಿಲ್ಲ ಕಣೋ ಅಂದೆ. "ಅದು ನಮಗೆಲ್ಲ ಗೊತ್ತಿತ್ತಕ್ಕ" ಅಂದ ನಿನ್ನ ಮಗ, ಮೆತ್ತಗೆ. "ನೀನೊಬ್ಬಾಕಿ ನಂಬಿರಲಿಲ್ಲ."

ದಿನವಿಡೀ ಕಂಡವರ ಎದೆಯೊಳಗೆ ಇಣುಕಿ ನೋಡುವವಳು ನಾನು. ನಿನಗೆ ಒಂದೇ ಒಂದು ಸಲ, ಎಲ್ಲಿ, ಹೇಗೆ ತಗೊಳ್ತೀಯ ತೋರಿಸು ಅಂದಿದ್ದರೆ? ಯಾವಾಗ ಬಂದರೂ ಬಸ್ಸಿನ ಹೊತ್ತು ನೋಡಿಕೊಂಡೇ ಬಂದೆ, ಬೈಯುವುದಕ್ಕೆ ಮಾತ್ರ ಹೊತ್ತು ಸಿಕ್ಕಿತು. ಊರಿಗೆ ಹೋಗಿ ಆ ಜಗಲಿಯ ಮುಂದೆ ನಿಲ್ಲಬೇಕು ಅನ್ನಿಸುತ್ತದೆ. ಆದರೆ ಅಲ್ಲಿ ನಿಂತು ಯಾರಿಗೆ ಏನೆಂದು...

ಮರುದಿನ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಪಂಪಿನಲ್ಲಿ ಕಲಿಸಿದೆ. ಮೊದಲು ಉಸಿರು ಪೂರಾ ಬಿಡು, ತುಟಿ ಬಿಗಿ ಹಿಡಿ, ಒತ್ತುತ್ತಲೇ ಮೆಲ್ಲಗೆ ಒಳಗೆ ಎಳೆ, ಹತ್ತು ಎಣಿಸುವ ತನಕ ಹಿಡಿದುಕೋ. ಅಜ್ಜ ಒಪ್ಪಲಿಲ್ಲ. ಕೊನೆಗೆ, "ಜಗಲಿ ಮ್ಯಾಲ ಇಡಬ್ಯಾಡಜ್ಜಾ, ಅಂಗಿ ಕಿಸೇದಾಗ ಇಟ್ಕ. ಆಗ ಅದು ನಿಂದು, ದ್ಯಾವ್ರದಲ್ಲ" ಅಂದ ಮೇಲೆ ಯೋಚನೆ ಮಾಡಿ ತಲೆಯಾಡಿಸಿದ. ಮತ್ತೆ ಔಷಧಿ ಎಳೆಸಿ ತೆಗೆದ ಅವತ್ತಿನ ಚಿತ್ರದಲ್ಲಿ ಎರಡೂ ಕಡೆ ಬೆಳಕು ತುದಿಯವರೆಗೆ ಹಬ್ಬಿತ್ತು. ಅಜ್ಜನಿಗೆ ತೋರಿಸಿದೆ. ಅವನು ಪರದೆಗೆ ಕೈಮುಗಿದ. ನಾನು ಅಳುವುದನ್ನು ನೋಡಿ ಗಾಬರಿಯಾದ. "ಏನಿಲ್ಲಜ್ಜಾ, ನಮ್ಮಪ್ಪಗೂ ದಮ್ಮು. ಅವನೂ ನಿನ್ನಂಗ ಎತ್ತೇ ತಗಳ್ಳೋದು" ಅಂದೆ. ತಗೊಳ್ತಿದ್ದ ಅನ್ನಲು ಬಾಯಿ ಬರಲಿಲ್ಲ.

ಇವತ್ತು ಅಜ್ಜ ಫೋನ್ ಮಾಡಿದ್ದ. ಕುರಿಗಳ ಹಿಂದೆ ಗುಡ್ಡದ ತನಕ ಎಲ್ಲೂ ಕೂರದೆ ಹೋದನಂತೆ. ಫೋನ್ ಇಡುವ ಮೊದಲು ಅಂದ: "ಅವ್ವಾ, ನಿಮ್ಮಪ್ಪಗ ಹೇಳಿದೇನು? ಪಾಪ, ಅವನಿಗೂ ಗೊತ್ತಿಲ್ಲ. ಇವತ್ತೇ ಹೇಳಿಬಿಡು."

ಹೇಳ್ತೀನಜ್ಜಾ ಅಂದೆ. ಅದಕ್ಕೇ ಈ ಪತ್ರ.

ತುಟಿಗೆ ಹಚ್ಚಿ ಎಳಕೋಬೇಕಪ್ಪಾ, ಮೆಲ್ಲಗೆ. ಎಂಜಲಾದರೆ ಆಗಲಿ.

ನಿನ್ನ ಮಗಳು